ಎಂಟು ಗಂಟೆಯ ಎಣಿಕೆ

ದಾಂಡೇಲಿಗೆ ಟ್ರಾಮು ಎಂದಾಗ ಹುಬ್ಬಳ್ಳಿಯ ನಮ್ಮ ಆಫೀಸಿನಲ್ಲೇ ನಾಲ್ಕು ಜನ ನಕ್ಕಿದ್ದರು. ನಾನು ನಗಲಿಲ್ಲ. ಹೊಗೆ ಉಗುಳದ, ಬ್ಯಾಟರಿಯ ಮೇಲೆ ಓಡುವ ಗಾಡಿ. ಒಂದು ಮರವನ್ನೂ ಕಡಿಯದೆ ಹಳಿ. ಜನ ಎಲ್ಲಿ ಹೆಚ್ಚೋ ಅಲ್ಲಿಗೆ ಹಳಿ ಎಂಬುದು ಲೆಕ್ಕಾಚಾರ. ಹುಟ್ಟಿದೂರು ಎಂಬ ಕಾರಣಕ್ಕೆ ಜನ ಎಣಿಸುವ ಕೆಲಸ ನನ್ನ ಕೊರಳಿಗೆ ಬಿತ್ತು.

ಅಕ್ಕ ಅಲ್ಲೇ ಇದ್ದಾಳೆ. ಪೇಪರ್ ಮಿಲ್ಲಿನ ಕ್ಯಾಂಟೀನಿನಲ್ಲಿ ಅಡುಗೆ ಕೆಲಸ, ಬೆಳಗಿನ ಪಾಳಿ. ಆರಕ್ಕೆ ಒಳಗಿರಬೇಕು. ಆ ಹೊತ್ತಿಗೆ ಅವಳ ಓಣಿಯಿಂದ ಬಸ್ಸಿಲ್ಲ, ಆಟೋದವರು ಎದ್ದಿರುವುದಿಲ್ಲ. ಮೊಣಕಾಲು ಸವೆದಿದೆ ಎಂದು ಡಾಕ್ಟರು ಹೇಳಿದ ಮೇಲೂ ಮೂರು ಕಿಲೋಮೀಟರು ನಡೆದೇ ಹೋಗುತ್ತಾಳೆ.

ನಾನು ಹೋದ ದಿನ ಅವಳು ಕೇಳಿದ್ದು ಒಂದೇ. "ನಿಮ್ಮ ಗಾಡಿ ನಮ್ಮ ಗೇಟಿಗೆ ನಿಂದರ್ತೈತೇನು?"

ನಿಲ್ಲದೆ ಎಲ್ಲಿ ಹೋಗುತ್ತದೆ ಎಂದೆ. ಅದನ್ನು ಅವಳು ಕ್ಯಾಂಟೀನಿನ ಹೆಂಗಸರಿಗೆಲ್ಲ ಹೇಳಿಬಿಟ್ಟಳು.

ಮೂರು ದಿನ ಅವಳ ಮನೆಯಲ್ಲೇ ಉಳಿದೆ. ಆಫೀಸು ಕೊಟ್ಟ ಎಣಿಕೆಯ ಫಾರ್ಮಿನಲ್ಲಿ ಬೆಳಗ್ಗೆ ಎಂಟರಿಂದ ಹನ್ನೊಂದು, ಸಂಜೆ ಐದರಿಂದ ಎಂಟು ಎಂದು ಅಚ್ಚಾಗಿತ್ತು. ಯಾವುದೋ ದೊಡ್ಡ ಊರಿನ ಗದ್ದಲದ ಹೊತ್ತು ಅದು. ಏಳಕ್ಕೆದ್ದು, ಅಕ್ಕ ಥರ್ಮಾಸಿನಲ್ಲಿ ತುಂಬಿಟ್ಟ ಚಹಾ ಕುಡಿದು, ಎಂಟಕ್ಕೆ ಮಿಲ್ಲಿನ ಗೇಟಿನೆದುರು ಕುರ್ಚಿ ಹಾಕಿಕೊಂಡು ಕೂತೆ. ರಸ್ತೆ ಖಾಲಿ. ಒಂದು ಕಟ್ಟಿಗೆ ಲಾರಿ, ಎರಡು ನಾಯಿ. ಅಪ್ಪನೂ ಅದೇ ಗೇಟಿನಲ್ಲಿ ಒಳಗೆ ಹೋಗಿ ಬಂದವನು; ಮಿಲ್ಲಿನ ಸೈರನ್ನಿಗೆ ಊಟ, ನಿದ್ದೆ ಹೊಂದಿಸಿಕೊಂಡ ಮನೆ ನಮ್ಮದು. ಜನ ಅಲ್ಲಿ ಪಾಳಿ ಬದಲಾಗುವಾಗ, ಬೆಳಗ್ಗೆ ಆರಕ್ಕೆ, ಮಧ್ಯಾಹ್ನ ಎರಡಕ್ಕೆ, ರಾತ್ರಿ ಹತ್ತಕ್ಕೆ ಮಾತ್ರ ತುಂಬುತ್ತಾರೆ ಎಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಆದರೂ ಫಾರ್ಮು ಹೇಳಿದ ಹೊತ್ತಿಗೆ ಹೋದೆ, ಕಂಡವರಿಗೆ ಒಂದೊಂದು ಗೀಟು ಎಳೆದೆ, ಬಂದೆ.

ನಕ್ಷೆ ತಯಾರಾಗಿ ಬಂದಾಗ ಹಳಿ ಬಸ್ ಸ್ಟ್ಯಾಂಡಿನಿಂದ ರೆಸಾರ್ಟುಗಳ ಕಡೆ ಹೊರಳಿತ್ತು. ಮಿಲ್ಲಿನ ರಸ್ತೆಯ ಮೇಲೆ ‘ಪ್ರಯಾಣಿಕರಿಲ್ಲ’ ಎಂದು ಬರೆದಿದ್ದರು. ಯಾರದಾದರೂ ತಕರಾರು ಇದೆಯೇ ಎಂದು ಸಾಹೇಬರು ಮೀಟಿಂಗಿನಲ್ಲಿ ಕೇಳಿದರು. ಬಾಯಿ ತೆರೆದರೆ ತಪ್ಪು ನನ್ನದೆಂದು ಒಪ್ಪಬೇಕಿತ್ತು. ನಾನು ಬಿಸ್ಕೀಟನ್ನು ಚಹಾದಲ್ಲಿ ಅದ್ದಿ ತಿಂದೆ. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ದವಡೆಯ ಹಾಗಿತ್ತು ಮನಸ್ಸು. ಈಗಲೂ ಹೆಚ್ಚುಕಡಿಮೆ ಹಾಗೇ ಇದೆ.

ಗಾಡಿ ಮಿಲ್ಲಿನ ಗೇಟಿಗೆ ಬರುವುದಿಲ್ಲ ಎಂದು ಅಕ್ಕನಿಗೆ ನಾನೇ ಹೋಗಿ ಹೇಳಿದೆ. ಅವಳು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಬೈಯಲಿಲ್ಲ. ಎಂಟಕ್ಕೆ ಆ ರಸ್ತೆಯಲ್ಲಿ ಯಾರಿರುತ್ತಾರೆ ಎಂದೂ ಕೇಳಲಿಲ್ಲ. ಎಣ್ಣೆಯ ಬಾಟಲಿಗೆ ಮುಚ್ಚಳ ತಿರುಗಿಸುತ್ತ, "ಆ ಮೂರು ದಿನ ನಾ ಐದಕ್ಕ ಛಾ ಮಾಡಿಟ್ಟು ಹೋಗಿದ್ದು ನಿನಗ ಗೊತ್ತಾಗ್ಲಿಲ್ಲೇನು?" ಎಂದಳು.

ಗೊತ್ತಾಗಿತ್ತು ಎಂದೆ. ಎಚ್ಚರವೇ ಇದ್ದೆ. ಮೂರು ದಿನವೂ ಅವಳು ಸದ್ದಾಗದಂತೆ ಬಾಗಿಲು ಎಳೆದುಕೊಂಡು ಹೋಗುವುದನ್ನು ಕೇಳಿ, ಇನ್ನೂ ಎರಡು ತಾಸು ಮಲಗಬಹುದು ಎಂದು ಮಗ್ಗಲು ಬದಲಿಸಿದ್ದೆ.