ಪಂಪ್ ರೂಮಿನ ಹಿಂದಿನ ಕರಿಬೇವು

ಮೊನ್ನೆ ಮಧ್ಯಾಹ್ನ ಸಾರಿಗೆ ಒಗ್ಗರಣೆ ಹಾಕುತ್ತಿದ್ದೆ. ಕಾದ ಎಣ್ಣೆಗೆ ಕರಿಬೇವು ಬಿದ್ದು ಪರಿಮಳ ಏಳುವುದಕ್ಕೂ, ಮಗಳು ಶಾಲೆಯ ಚೀಲದಿಂದ ಒಂದು ಪುಸ್ತಕ ತೆಗೆದು ಅಡುಗೆಕಟ್ಟೆಯ ಮೇಲೆ ಇಡುವುದಕ್ಕೂ ಸರಿಹೋಯಿತು. ನಮ್ಮ ಏರಿಯಾದ ಪಾರ್ಕುಗಳನ್ನು ನೋಡಿಕೊಳ್ಳುವ ಇಲಾಖೆಯವರು ವರ್ಷಕ್ಕೊಮ್ಮೆ ತರುವ ಪುಸ್ತಕ. ಅವಳ ಕ್ಲಾಸಿನ ಮಕ್ಕಳು ಗಿಡ ನೆಟ್ಟ ಫೋಟೋ ಅದರಲ್ಲಿ ಬಂದಿದೆಯೆಂದು ಶಾಲೆಯಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟಿದ್ದರು.

ಒಲೆ ಆರಿಸಿ, ಕೈ ಒರೆಸಿಕೊಂಡು ಪುಟ ತಿರುವಿದೆ. ಹೊಸ ಜೋಕಾಲಿಗಳು, ಗಾಲಿಕುರ್ಚಿಯ ಮಕ್ಕಳಿಗೂ ಒಂದು ಜೋಕಾಲಿ, ಹೆಂಗಸರಿಗೆ ಬೆಳಗಿನ ವ್ಯಾಯಾಮದ ಕ್ಲಾಸು, ಮುದುಕರು ನಡೆಯಲು ಮೆತ್ತಗಿನ ದಾರಿ, ಚಳಿಗಾಲದ ಹೂವಿನ ಪಾತಿಗಳು. ವರ್ಷವಿಡೀ ಮಾಡಿದ್ದನ್ನೆಲ್ಲ ಚೆಂದವಾಗಿ ಬರೆದಿದ್ದಾರೆ. ಸುಳ್ಳೇನೂ ಇಲ್ಲ, ಎಲ್ಲವನ್ನೂ ನಾನು ಕಣ್ಣಾರೆ ಕಂಡಿದ್ದೇನೆ. ಒಂದು ಪುಟದಲ್ಲಿ ಮಾತ್ರ ಕೈ ನಿಂತಿತು. ನೇರಳೆ ಬಣ್ಣದ ಪೈಪು ಹಿಡಿದು ಹೂವಿಗೆ ನೀರು ಬಿಡುತ್ತಿರುವ ಒಬ್ಬ ಮನುಷ್ಯ. ಮುಖ ಇಲ್ಲ, ಬೆನ್ನು ಮಾತ್ರ. ತುಂಬ ಹೊತ್ತು ನೋಡಿದೆ... ಅಲ್ಲ, ಅವರಲ್ಲ. ಅವರ ಎಡಭುಜ ಸ್ವಲ್ಪ ಇಳಿದಿತ್ತು.

ಒಂಬತ್ತು ವರ್ಷವಾಯಿತು. ಆಗ ನಾವು ಗಲ್ಫಿಗೆ ಬಂದ ಹೊಸತು, ಖಲೀಫಾ ಸಿಟಿಯ ಒಂದು ವಿಲ್ಲಾದಲ್ಲಿದ್ದೆವು. ವಿಲ್ಲಾ ಅಂದರೆ ಊರಿನವರು ಅರಮನೆ ಅಂತ ತಿಳಿಯುತ್ತಿದ್ದರು. ಆ ಅರಮನೆಯನ್ನು ಜಿಪ್ಸಮ್ ಹಲಗೆಯಿಂದ ತುಂಡು ತುಂಡು ಮಾಡಿ ಏಳು ಸಂಸಾರಗಳಿಗೆ ಕೊಟ್ಟಿದ್ದರು. ನಮ್ಮದು ಒಂದು ಕೋಣೆ. ಕಿಟಕಿ ತೆರೆದರೆ ಕೈಗೆಟಕುವಷ್ಟು ಹತ್ತಿರ ಪಕ್ಕದ ಗೋಡೆ. ಅಡುಗೆಮನೆ ಎಲ್ಲರಿಗೂ ಒಂದೇ. ನನ್ನ ಪಾಳಿ ಹತ್ತರಿಂದ ಹನ್ನೊಂದರವರೆಗೆ. ನಮ್ಮವರು ಮುಸಫ್ಫಾದ ವರ್ಕ್‌ಶಾಪಿಗೆ ಬೆಳಗ್ಗೆ ಐದೂವರೆಯ ಕಂಪನಿ ಬಸ್ಸಿನಲ್ಲಿ ಹೋದರೆ ಬರುವುದು ಏಳು ಗಂಟೆಗೆ. ಅಷ್ಟು ಹೊತ್ತೂ ನಾನು, ಮೂರು ವರ್ಷದ ಮಗಳು, ಎಸಿಯ ಗುಂಯ್ ಶಬ್ದ.

ಮಗಳು ಬೇಸರ ಬಂದಾಗೆಲ್ಲ ಹಿಮ್ಮಡಿಯಿಂದ ಹಲಗೆ ಒದೆಯುತ್ತಿದ್ದಳು. ಆಚೆಯಿಂದ ಯಾರೋ ತಿರುಗಿ ಟಕಟಕ ಬಡಿಯುತ್ತಿದ್ದರು. ಇನ್ನೊಂದು ದೂರು ಬಂದರೆ ಕೋಣೆ ಖಾಲಿ ಮಾಡಿ ಅಂತ ವಿಲ್ಲಾ ನೋಡಿಕೊಳ್ಳುವವನು ಎರಡು ಸಲ ಹೇಳಿ ಆಗಿತ್ತು. ಅವಳ ಬಾಯಿಗೆ ಕೈ ಅಡ್ಡ ಇಟ್ಟುಕೊಂಡೇ ಕೆಲವು ದಿನ ಕಳೆದಿದ್ದೇನೆ. ಅಲ್ಲಾಹನು ಕ್ಷಮಿಸಲಿ.

ಹತ್ತು ನಿಮಿಷ ನಡೆದರೆ ಪಾರ್ಕು ಉಂಟು ಅಂತ ತಿಳಿದದ್ದು ಬಂದ ನಾಲ್ಕನೇ ತಿಂಗಳಿಗೆ. ಭಾಷೆ ಬಾರದೆ ಒಬ್ಬಳೇ ಹೊರಗೆ ಹೋಗಲು ಹೆದರಿಕೆ. ಆದರೂ ಒಂದು ಬೆಳಗ್ಗೆ ಮಗಳ ಕೈ ಹಿಡಿದು ಹೊರಟೇಬಿಟ್ಟೆ.

ಜೋಕಾಲಿಗೆ ಸಾಲು ಇತ್ತು. ಒಬ್ಬೊಬ್ಬರಿಗೆ ಇಪ್ಪತ್ತು ಸಲ ಅಂತ ತಾಯಂದಿರೇ ಮಾಡಿಕೊಂಡ ಲೆಕ್ಕ. ನಮ್ಮ ಮನೆಮಾತು ಬ್ಯಾರಿಯಾದರೂ ಎಣಿಸಲು ಕಲಿತದ್ದು ಊರಿನ ಸರಕಾರಿ ಶಾಲೆಯಲ್ಲಿ, ಹಾಗಾಗಿ ಎಣಿಕೆ ಈಗಲೂ ಬಾಯಿಗೆ ಬರುವುದು ಕನ್ನಡದಲ್ಲೇ. ಒಂದು, ಎರಡು ಅಂತ ಎಣಿಸುತ್ತ ತಳ್ಳುತ್ತಿದ್ದೆ. ಇಪ್ಪತ್ತು ಅಂದು ಮಗಳನ್ನು ಇಳಿಸಲು ಹೋದಾಗ ಬೇಲಿಗಿಡದ ಹಿಂದಿನಿಂದ ಒಂದು ಸ್ವರ ಬಂತು.

"ಹತ್ತೊಂಬತ್ತು ಬಿಟ್ರಲ್ಲಾ ತಂಗೀ. ಕೂಸಿಗೆ ಒಂದು ಮೋಸ ಆತು."

ನೋಡಿದರೆ ಹಸಿರು ಅಂಗಿಯ ಮಾಲಿ. ಐವತ್ತರ ಹತ್ತಿರದ ವಯಸ್ಸು, ತಲೆಗೆ ಬಿಗಿದ ಟವೆಲು, ಕೈಯಲ್ಲಿ ಕತ್ತರಿ. ಕೊಪ್ಪಳದ ಕಡೆಯವರು. ನಾಲ್ಕು ತಿಂಗಳಲ್ಲಿ ಮನೆಯ ಹೊರಗೆ ನಾನು ಕೇಳಿದ ಮೊದಲ ಕನ್ನಡ ಅದು. ನಗು ಬಂತು, ಅದರ ಹಿಂದೆಯೇ ಕಣ್ಣೀರೂ ಬಂತು. ಮಗಳನ್ನು ಮತ್ತೆ ಕೂರಿಸಿ ಒಂದು ಸಲ ತಳ್ಳಿದೆ.

ಆಮೇಲೆ ದಿನವೂ ಹೋದೆವು. ಅವರನ್ನು ನಾನು ಅಣ್ಣ ಅಂತ ಕರೆಯುತ್ತಿದ್ದೆ. ಮಗಳ ಬಾಯಲ್ಲಿ ಅವರು ನೀರಿನ ಮಾಮ. ಯಾಕೆಂದರೆ ಅವರು ಪೈಪಿನ ತುದಿಯನ್ನು ಅವಳ ಕೈಗೆ ಕೊಟ್ಟು, ಹಿಂದಿನಿಂದ ತಾವೂ ಹಿಡಿದು, ಹೂವಿನ ಪಾತಿಗೆ ನೀರು ಬಿಡಿಸುತ್ತಿದ್ದರು. ಶುದ್ಧ ಮಾಡಿದ ಕೊಳಚೆ ನೀರದು, ಸ್ವಲ್ಪ ಮುಗ್ಗಿದ ವಾಸನೆ. ಅದಕ್ಕೇ ಪೈಪಿಗೆ ನೇರಳೆ ಬಣ್ಣ, ಪಕ್ಕದಲ್ಲಿ ಕುಡಿಯಬಾರದೆಂಬ ಬೋರ್ಡು. ಆಟ ಮುಗಿದ ಮೇಲೆ ತಮ್ಮ ಕುಡಿಯುವ ಬಾಟಲಿಯ ನೀರಿನಲ್ಲಿ ಅವಳ ಎರಡೂ ಕೈ ತೊಳೆಸಿ, ಸಾಬೂನೂ ಹಚ್ಚಿಸಿ ಕಳಿಸುತ್ತಿದ್ದರು. ಕೋಣೆಯಲ್ಲಿ ಗೋಡೆ ಒದೆಯುವ ಹುಡುಗಿ ಅಲ್ಲಿ ಅರ್ಧ ಗಂಟೆ ತುಟಿಪಿಟಕ್ಕೆನ್ನದೆ ನಿಲ್ಲುತ್ತಿದ್ದಳು. ಮನೆಗೆ ಬಂದು ಊಟ ಮಾಡಿ ಮಲಗುತ್ತಿದ್ದಳು. ಹಲಗೆಯ ಆಚೆಯ ಬಡಿತ ನಿಂತಿತು. ನಮಗೆ ಕೋಣೆ ಉಳಿಯಿತು.

ಗೇಟು ತೆರೆಯುವುದು ಎಂಟಕ್ಕೆ. ಬಿಸಿಲೇರುವ ಮೊದಲು ಮಗು ಆಡಲಿ ಅಂತ ಅವರು ಹತ್ತು ನಿಮಿಷ ಮುಂಚೆ ಪಕ್ಕದ ಸಣ್ಣ ಬಾಗಿಲಿನಿಂದ ಬಿಡುತ್ತಿದ್ದರು. ಸೆಕೆಯ ದಿನಗಳಲ್ಲಿ ಪಂಪ್ ರೂಮಿನ ನೆರಳಲ್ಲಿ ಕೂರಿಸುತ್ತಿದ್ದರು. ಆ ಪಂಪ್ ರೂಮಿನ ಹಿಂದೆ ಯಾರಿಗೂ ಕಾಣದ ಹಾಗೆ ಒಂದು ಕರಿಬೇವಿನ ಗಿಡ ಬೆಳೆಸಿದ್ದರು. ಒಣಗಿದ ಹುಲ್ಲು, ಚಹಾದ ಚರಟ ಹಾಕಿ ಹಾಕಿ ಆ ಮರಳನ್ನು ಮಣ್ಣು ಮಾಡಿದ್ದರು. ಪ್ರತಿ ಗುರುವಾರ ನಾಲ್ಕು ಎಸಳು ಕಾಗದದಲ್ಲಿ ಸುತ್ತಿ ಕೊಡುತ್ತಿದ್ದರು.

ಅವರ ಕಷ್ಟ ತಿಳಿದದ್ದು ತಡವಾಗಿ. ಪಾರ್ಕಿನ ಕೆಲಸ ಗುತ್ತಿಗೆಗೆ ಹಿಡಿದ ಒಂದು ಕಂಪನಿಯ ಆಳು ಅವರು. ಮುಸಫ್ಫಾದ ಕ್ಯಾಂಪಿನಲ್ಲಿ ಒಂದು ಕೋಣೆಗೆ ಹನ್ನೆರಡು ಜನ. ಪಾಸ್‌ಪೋರ್ಟ್ ಕಂಪನಿಯ ಕಪಾಟಿನಲ್ಲಿ. ಊರು ಬಿಟ್ಟು ನಾಲ್ಕು ವರ್ಷ. ಬೇಸಿಗೆಯಲ್ಲಿ ರಜೆ ಕೇಳಿದರೆ ಗಿಡ ಒಣಗುತ್ತವೆ ಅನ್ನುವುದು, ಚಳಿಗಾಲದಲ್ಲಿ ಕೇಳಿದರೆ ಹೂವಿನ ಸೀಸನ್ ಅನ್ನುವುದು. ಮಗಳ ಮದುವೆ ಮಾಘಕ್ಕೆ ಗೊತ್ತಾಗಿತ್ತು. ಇವರು ಹೊರಡುವಾಗ ಆ ಹುಡುಗಿ ಹತ್ತನೇ ಕ್ಲಾಸು.

"ಲಗ್ನದ ಕೆಲಸಾ ಎಲ್ಲಾ ತಮ್ಮ ಮಾಡ್ತಾನ. ಅಕ್ಕಿಕಾಳು ಹಾಕಾಕರ ನಾ ಇರಬೇಕಲ್ಲ ತಂಗಿ?"

ಒಮ್ಮೆ ನನ್ನ ಕೋಣೆಯ ಕಥೆ ಹೇಳಿಕೊಂಡಾಗ ನಕ್ಕರು. ನಿಮ್ಮದು ಗೋಡೆ ಇರುವ ಜೈಲು, ನಮ್ಮದು ಬಯಲು ಜೈಲು, ನಮ್ಮದರಲ್ಲಿ ಗಾಳಿ ಜಾಸ್ತಿ ಅಂತ ಸಮಾಧಾನ ಮಾಡಿದರು. ಆ ಮಾತಿನ ನಡುವೆಯೇ ಇನ್ನೊಂದು ಸಂಗತಿ ಹೇಳಿದ್ದು. ಅವರ ಕ್ಯಾಂಪಿನ ಒಬ್ಬ ಕೆಲಸಗಾರನ ಬಗ್ಗೆ ಪಾರ್ಕಿಗೆ ಬರುವ ಹೆಂಗಸೊಬ್ಬರು ಒಳ್ಳೆಯದಾಗಿ ಬರೆದು ಗೇಟಿನ ಡಬ್ಬಿಗೆ ಹಾಕಿದ್ದರಂತೆ. ಇಲಾಖೆಯವರು ವರ್ಷದ ಸಭೆಯಲ್ಲಿ ಅವನನ್ನು ವೇದಿಕೆಗೆ ಕರೆದು ಸರ್ಟಿಫಿಕೇಟ್ ಕೊಟ್ಟರು, ಪುಸ್ತಕದಲ್ಲಿ ಫೋಟೋ ಹಾಕಿದರು. ಕಂಪನಿಯವರೂ ಖುಷಿಯಾಗಿ ಆ ತಿಂಗಳೇ ರಜೆ ಕೊಟ್ಟರು. ನನ್ನ ಹತ್ತಿರ ಅವರು ಏನೂ ಕೇಳಲಿಲ್ಲ. ಸುಮ್ಮನೆ ಹೇಳಿದರು, ಎದ್ದು ಕೆಲಸಕ್ಕೆ ಹೋದರು.

ನನ್ನ ಮನಸ್ಸಿನಲ್ಲಿ ಅದು ಕೂತುಬಿಟ್ಟಿತು.

ನನ್ನ ಉಮ್ಮ ಹೇಳಿಕೊಟ್ಟ ಒಂದು ಅಭ್ಯಾಸ ನನಗುಂಟು. ದೇವರಿಗೆ ಶುಕ್ರ್, ಅಂದರೆ ಕೃತಜ್ಞತೆ ಹೇಳುವಾಗ ಒಟ್ಟಾರೆ ಹೇಳಬಾರದು, ಕೊಟ್ಟದ್ದನ್ನು ಒಂದೊಂದಾಗಿ ಹೆಸರು ಹಿಡಿದು ಹೇಳಬೇಕು. ಬೆಳಗಿನ ನಮಾಝಿನ ಮೇಲೆ ತಸ್ಬೀಹ್ ಮಣಿಮಾಲೆ ಹಿಡಿದು ಹಾಗೇ ಎಣಿಸುತ್ತೇನೆ: ಇವತ್ತು ಎದ್ದೆ, ಮಗುವಿಗೆ ಜ್ವರ ಇಲ್ಲ, ನೀರು ಬರುತ್ತಿದೆ. ಆ ಬೆಳಗ್ಗೆಯೂ ಎಣಿಸಿ, ನಮಾಝಿನ ಮುಸಲ್ಲೆಯ ಮೇಲೆ ಕೂತೇ ಪಾರ್ಕಿನ ಗೇಟಿನಿಂದ ತಂದಿದ್ದ, ಮೆಚ್ಚಿದ ಸಿಬ್ಬಂದಿಯ ಫಾರ್ಮು ಬಿಡಿಸಿದೆ. ಮೊದಲು ಕನ್ನಡದಲ್ಲಿ ಬರೆದು, ಮೊಬೈಲು ನೋಡಿ ಇಂಗ್ಲಿಷಿಗೆ ತಂದೆ. ಅವರ ಎದೆಯ ಕಾರ್ಡಿನಲ್ಲಿ ನೋಡಿದ್ದ ಪೂರ್ತಿ ಹೆಸರು ಬರೆದೆ. ಕಾರಣ ತಿಳಿಸಿ ಅಂತ ಇತ್ತು. ಒಂದೊಂದಾಗಿ ಬರೆದೆ. ಮಗುವಿಗಾಗಿ ಹತ್ತು ನಿಮಿಷ ಮುಂಚೆ ಬಾಗಿಲು ತೆಗೆಯುತ್ತಾರೆ. ಅವಳ ಕೈಗೆ ನೀರಿನ ಪೈಪು ಕೊಡುತ್ತಾರೆ. ಪಂಪ್ ರೂಮಿನ ನೆರಳಲ್ಲಿ ಕೂರಿಸುತ್ತಾರೆ. ಅದರ ಹಿಂದೆ ತಾವೇ ಬೆಳೆಸಿದ ಗಿಡದಿಂದ ಕರಿಬೇವು ಕೊಡುತ್ತಾರೆ...

ಅವತ್ತು ರಜೆಯಲ್ಲಿದ್ದ ನಮ್ಮವರು ಟೀ ಕುಡಿಯುತ್ತ ಓದಿ, ಇದೇನು ಕಥೆ ಬರೆದಿದ್ದೀ, ಒಳ್ಳೆಯ ಕೆಲಸಗಾರ ಅಂತ ಒಂದು ಸಾಲು ಸಾಕಲ್ಲ ಅಂದರು. ನಾನು ಕೇಳಲಿಲ್ಲ. ಉಪಕಾರ ಮಾಡಿದವರ ವಿಷಯದಲ್ಲಿ ಜಿಪುಣತನ ಮಾಡಬಾರದು ಅಂತ ನನ್ನ ಹಟ. ಅವತ್ತೇ ಹೋಗಿ ಬಿಸ್ಮಿಲ್ಲಾ ಹೇಳಿ ಡಬ್ಬಿಗೆ ಹಾಕಿದೆ.

ಎರಡು ವಾರ ಕಳೆದಿರಬೇಕು. ಒಂದು ಬೆಳಗ್ಗೆ ಪಕ್ಕದ ಸಣ್ಣ ಬಾಗಿಲಿಗೆ ಹೊಸ ಬೀಗ ಕಂಡಿತು. ಎಂಟಕ್ಕೆ ಒಳಗೆ ಹೋದರೆ ಪಂಪ್ ರೂಮಿನ ಹಿಂದೆ ನೆಲ ಸಪಾಟು. ಗಿಡ ಇದ್ದಲ್ಲಿ ಹೊಸ ಮರಳು. ಅಣ್ಣ ಇಲ್ಲ. ಮಗಳು ನೀರಿನ ಮಾಮ ಎಲ್ಲಿ ಎಲ್ಲಿ ಅಂತ ಬೇಲಿಗಿಡದ ಹಿಂದೆಲ್ಲ ಹುಡುಕಿದಳು. ನಾನು ಗೇಟಿನ ಡಬ್ಬಿಯತ್ತ ತಿರುಗಿ ನೋಡಿದೆ.

ಮಾರನೆಯ ದಿನ ಗೇಟಿನ ಹೊರಗೆ ಸಿಕ್ಕಿದರು. ಕಂಪನಿಯ ಬಸ್ಸು ನಿಂತಿತ್ತು. ಅಲ್ ಐನ್ ದಾರಿಯ ರಸ್ತೆ ಬದಿಯ ಮರಗಳಿಗೆ ನೀರು ಬಿಡುವ ಕೆಲಸಕ್ಕೆ ಅವರನ್ನು ಹಾಕಿದ್ದರು. ಇಲ್ಲಿ ಬಿಟ್ಟುಹೋಗಿದ್ದ ಬೂಟು, ಕತ್ತರಿ ತೆಗೆದುಕೊಳ್ಳಲು ಐದು ನಿಮಿಷ ಬಿಟ್ಟಿದ್ದರಂತೆ. ನಿಂತೇ ಹೇಳಿದರು. ಇಲಾಖೆಯಿಂದ ಕಾಗದ ಬಂತು, ಸೂಪರ್‌ವೈಸರ್ ಎಲ್ಲರೆದುರು ಓದಿ ಹೇಳಿದ. ಮಗುವಿನ ಕೈಗೆ ಆ ನೀರು ಕೊಟ್ಟದ್ದು ದೊಡ್ಡ ತಪ್ಪು, ಪಂಪ್ ರೂಮಿಗೆ ಹೊರಗಿನವರನ್ನು ಬಿಟ್ಟದ್ದು ತಪ್ಪು, ಗೇಟು, ಗಿಡ, ಎಲ್ಲ ತಪ್ಪು. ಬರವಣಿಗೆಯಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ. ಎಚ್ಚರಿಕೆ ಸಿಕ್ಕಿದವನಿಗೆ ಆರು ತಿಂಗಳು ರಜೆ ಇಲ್ಲ.

ಇಲಾಖೆಯವರನ್ನು ನಾನು ದೂರುವುದಿಲ್ಲ. ಮಗುವಿನ ಕೈಗೆ ಆ ನೀರು ಅಂದರೆ ಯಾರಾದರೂ ಹೆದರುವವರೇ. ನಾನು ಎಣಿಸಿ ಎಣಿಸಿ ಬರೆದ ಒಂದೊಂದು ಉಪಕಾರವೂ ಅಣ್ಣನ ಮೇಲೆ ಒಂದೊಂದು ಆರೋಪವಾಗಿತ್ತು, ಅಷ್ಟೆ.

ಅಣ್ಣಾ, ಅದು ನಾನು... ಅಂತ ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದರು.

"ಗೊತ್ತೈತಿ ತಂಗಿ. ಬರದವರು ಛಲೋನ ಬರದಾರ. ಓದಿದವರು ಬ್ಯಾರೆ ಓದ್ಯಾರ."

"ಮಗಳ ಮದುವೆ?"

"ಫೋನಿನಾಗ ನೋಡ್ತೀನಿ ತಗೋ. ಈಗ ಎಲ್ಲಾ ಕಾಣ್ತೈತಂತಲ್ಲ ಅದರಾಗ."

ಚೀಲದಿಂದ ಒಂದು ನೀರಿನ ಬಾಟಲಿ ತೆಗೆದರು. ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿ, ಅದರಲ್ಲಿ ಒಂದು ಕರಿಬೇವಿನ ಮರಿ. ಕೀಳಿಸುವ ಮೊದಲು ಬುಡದ ಮರಿಯೊಂದನ್ನು ಬೇರು ಸಮೇತ ಬಿಡಿಸಿಕೊಂಡಿದ್ದರು. ಮಗಳ ಕೈಗೆ ಅದನ್ನು ಕೊಟ್ಟು, ದಿನಕ್ಕೊಂದು ಲೋಟ ನೀರು, ಹೆಚ್ಚು ಬೇಡ ಅಂದರು. ಬಸ್ಸಿನವನು ಯಲ್ಲಾ ಯಲ್ಲಾ ಅಂತ ಕೂಗಿದ. ಹತ್ತಿಕೊಂಡರು. ಎಡಭುಜ ಇಳಿದ ಆ ಬೆನ್ನು ಬಾಗಿಲಲ್ಲಿ ಒಂದು ಕ್ಷಣ ಕಂಡಿತು...

ಅದೇ ಕೊನೆ. ಮಾಘದಲ್ಲಿ ಯಾವ ದಿನ ಅಂತ ನನಗೆ ಗೊತ್ತಿರಲಿಲ್ಲ. ಆ ತಿಂಗಳಿಡೀ ಪ್ರತಿ ನಮಾಝಿನಲ್ಲೂ, ನಾನು ಮುಖ ಕಾಣದ ಆ ಮದುಮಗಳಿಗಾಗಿ ದುಆ ಮಾಡಿದೆ. ಮರುವರ್ಷ ಗುತ್ತಿಗೆ ಬೇರೆ ಕಂಪನಿಗೆ ಹೋಯಿತು. ನಮ್ಮವರು ಮುಸಫ್ಫಾದ ಕ್ಯಾಂಪಿಗೆ ಹೋಗಿ ವಿಚಾರಿಸಿದರು, ಹಳಬರೆಲ್ಲ ಚದುರಿಹೋಗಿದ್ದರು. ಊರಿಗೆ ಹೋಗಿರಬಹುದು. ಹೋಗಿರಲಿ. ಈಗಲೂ ಅಲ್ ಐನ್ ಕಡೆ ಹೋಗುವಾಗ ಕಾರಿನ ಕಿಟಕಿಯಿಂದ ನೋಡುತ್ತೇನೆ. ಬಿಸಿಲಿಗೆ ಮುಖಕ್ಕೆಲ್ಲ ಬಟ್ಟೆ ಸುತ್ತಿಕೊಂಡವರು, ಯಾರು ಯಾರೆಂದು ಹೇಗೆ ತಿಳಿಯಬೇಕು.

ಈಗ ನಮ್ಮದು ಸ್ವಂತ ಬಾಗಿಲಿರುವ ಫ್ಲ್ಯಾಟು, ಅಲ್‌ಹಮ್ದುಲಿಲ್ಲಾಹ್. ಕಿಟಕಿಗೆ ಆಕಾಶ ಉಂಟು. ಬೆಳಗ್ಗೆ ಎಣಿಸಲು ಕೂತರೆ ಮೊದಲಿಗಿಂತ ಎಷ್ಟೋ ಹೆಚ್ಚು ಸಿಗುತ್ತದೆ. ಆದರೆ ತಸ್ಬೀಹಿನ ಒಂದು ಮಣಿಯಲ್ಲಿ ಬೆರಳು ದಿನವೂ ನಿಲ್ಲುತ್ತದೆ, ಅಲ್ಲಿಂದ ಮುಂದಕ್ಕೆ ಹೋಗಲು ಕೇಳುವುದಿಲ್ಲ.

ಮೊನ್ನೆಯ ಆ ಪುಸ್ತಕದ ಕೊನೆಯ ಪುಟದಲ್ಲಿ ಒಂದು ಕ್ಯೂಆರ್ ಚೌಕ ಇತ್ತು. ಮಗಳು ಅದಕ್ಕೆ ಮೊಬೈಲು ಹಿಡಿದಳು, ಫಾರ್ಮು ತೆರೆಯಿತು. ಉಮ್ಮಾ, ನೀವು ಮೆಚ್ಚಿದ ಸಿಬ್ಬಂದಿ ಯಾರು, ಹೆಸರು ಮತ್ತು ಕಾರಣ ಅಂತ ಕೇಳುತ್ತಿದೆ, ಯಾರದ್ದು ಹಾಕಲಿ ಅಂತ ಇಂಗ್ಲಿಷಿನಲ್ಲಿ ಕೇಳಿದಳು.

"ನೀರಿನ ಮಾಮ ನೆನಪುಂಟಾ ನಿನಗೆ?" ಅಂದೆ.

"ಹೂ?" ಅಂದಳು, ಯಾರು ಅಂತ ಇಂಗ್ಲಿಷಿನಲ್ಲೇ.

ಅವರ ಹೆಸರು ನನಗೆ ಅಕ್ಷರ ಅಕ್ಷರ ನೆನಪುಂಟು. ಒಮ್ಮೆ ಬರೆದದ್ದು ಸಾಕು, ಈ ಬರಹದಲ್ಲೂ ಬರೆಯಲಿಲ್ಲ. ಅದನ್ನು ಖಾಲಿ ಬಿಡು ಮಗಳೇ, ಪಾರ್ಕು ಚೆನ್ನಾಗಿದೆ ಅಂತ ಮಾತ್ರ ಹಾಕು ಅಂದೆ. ಅವಳು ನಗುವ ಮುಖವೊಂದನ್ನು ಒತ್ತಿ ಕಳಿಸಿದಳು.

ಒಗ್ಗರಣೆ ತಣ್ಣಗಾಗಿತ್ತು. ಇನ್ನೊಂದು ಎಸಳು ತರಲು ಬಾಲ್ಕನಿಗೆ ಹೋದೆ. ಅವರು ಕೊಟ್ಟ ಮರಿ ಈಗ ನನ್ನ ಭುಜದೆತ್ತರ. ಒಂಬತ್ತು ವರ್ಷದಲ್ಲಿ ನಾಲ್ಕು ಕುಂಡ ಬದಲಿಸಿದ್ದೇನೆ. ಈಗ ಮತ್ತೆ ಬೇರು ತಳದಲ್ಲಿ ಸುತ್ತಿ ಸುತ್ತಿ, ನೀರು ಹೋಗುವ ತೂತಿನಿಂದ ಹೊರಗೆ ಬಂದು, ಟೈಲ್ಸಿನ ಮೇಲೆ ಒಣಗಿ ನಿಂತಿದೆ.