ಬ್ರಿಟನ್ನಿನಲ್ಲಿ ಇಲ್ಲದ ಪದ್ಧತಿ

ಮಾವನ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದವಾಗಿತ್ತು. ಹೊಲಿಗೆಯಿಂದ ಎದ್ದ ನೂಲನ್ನು ಕೀಳುವುದಕ್ಕೆಂದೇ ಅದನ್ನು ಬೆಳೆಸಿದ್ದರು. ಯಾರ ಮನೆಗೆ ಹೋದರೂ ಎದುರು ಕೂತವರ ಅಂಗಿಯ ಅಂಚು ಹಿಡಿದು, ಒಳಮಗ್ಗುಲು ತಿರುಗಿಸಿ ನೋಡುವುದು ಅವರ ಚಾಳಿ. ಮದುವೆಮನೆಯಲ್ಲಿ ಮದುಮಗನನ್ನೂ ಬಿಟ್ಟವರಲ್ಲ. "ಮೇಲ್ಗಡೆ ಎಲ್ರೂ ಚೆನ್ನಾಗೇ ಹೊಲೀತಾರೆ ಕಣ್ಣು" ಎನ್ನುತ್ತಿದ್ದರು. ಮುದ್ದಿಗೆ ಎಲ್ಲರನ್ನೂ ಕಣ್ಣು ಎಂದೇ ಕರೆಯುತ್ತಿದ್ದರು. ಮದುಮಗನ ಕಡೆಯವರಿಗೆ ಈ ಮಾತು ರುಚಿಸುತ್ತಿರಲಿಲ್ಲ.

ಅವರು ಅಮ್ಮನ ಅಣ್ಣ. ಮದುವೆಯಾಗಲಿಲ್ಲ. ನಾವು ತಮಿಳು ಸೀಮೆಯಲ್ಲಿ ನೆಲೆಸಿದ ಕನ್ನಡ ಮಾತಿನ ನೇಕಾರರು; ಸಿಂಗಾನಲ್ಲೂರಿನಲ್ಲಿ ನಮ್ಮ ಪಕ್ಕದ ಬೀದಿಯಲ್ಲೇ ಅವರ ಮನೆ. ತಿರುಪ್ಪೂರಿನ ಬನಿಯನ್ ಕಂಪನಿಯೊಂದರಲ್ಲಿ ಕೆಲಸವಿದ್ದಷ್ಟು ಕಾಲವೂ ಸ್ಯಾಂಪಲ್ಲುಗಳ ಪೆಟ್ಟಿಗೆ ಹೊತ್ತು ಬ್ರಿಟನ್ನಿಗೆ ಹೋಗಿಬರುತ್ತಿದ್ದರು. ಅವರು ಕಂಡ ಬ್ರಿಟನ್ ಎಂದರೆ ವಿಮಾನ ನಿಲ್ದಾಣ, ಹೋಟೆಲು, ಗೋದಾಮು. ಆದರೆ ಮಾತಿಗೆ ಕೂತರೆ ರಾಣಿಯ ಅಡುಗೆಮನೆಯನ್ನೇ ನೋಡಿ ಬಂದವರ ಹಾಗೆ ಹೇಳುತ್ತಿದ್ದರು.

ನನ್ನ ವಿಷಯ ನಮ್ಮವರಲ್ಲಿ ಮೊದಲು ತಿಳಿದದ್ದು ಅವರಿಗೆ. ಹೆಣ್ಣಾದ ನನಗೆ ಹೆಣ್ಣುಮಕ್ಕಳ ಮೇಲೇ ಮನಸ್ಸು, ಮದುವೆ ಮಾತು ಎತ್ತಬೇಡಿ ಎಂದು ಅಮ್ಮನಿಗೆ ನೀವೇ ಹೇಳಿ ಎಂದು ಬೇಡಿಕೊಂಡೆ. ಮಾವ ಕಾಫಿ ಲೋಟ ಕೆಳಗಿಟ್ಟರು. "ನಾನೂ ಅಂಗೇ" ಎಂದರು. ಮತ್ತೆ ಲೋಟ ಎತ್ತಿಕೊಂಡು ಕುಡಿದು ಮುಗಿಸಿದರು.

ಪೋತ್ತನೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಅವರ ಗೆಳೆಯರೊಬ್ಬರು ಬರೀ ಗೆಳೆಯರಲ್ಲ ಎಂದು ನನಗೆ ತಿಳಿದದ್ದು ಅವತ್ತೇ. ಪ್ರತಿ ಶನಿವಾರ ಮಾವ ಬಸ್ಸು ಹತ್ತಿ ಪೋತ್ತನೂರಿಗೆ ಹೋಗುತ್ತಿದ್ದರು. ಎರಡೂ ಮನೆಯವರು ಅದನ್ನು ಸ್ನೇಹ ಎಂದುಕೊಂಡು ನೆಮ್ಮದಿಯಾಗಿದ್ದರು.

ನಮ್ಮಂಥವರು ಕೆಲವರು ಸೇರಿ ನಮ್ಮ ಕಥೆಗಳದೊಂದು ಸಂಕಲನ ತರಬೇಕೆಂದುಕೊಂಡಾಗ ಸೇರುತ್ತಿದ್ದದ್ದು ಮಾವನ ಮನೆಯಲ್ಲೇ. ಎಲ್ಲರಿಗೂ ಬರೆಯುವ ಆಸೆ, ಎಲ್ಲರಿಗೂ ಭಯ. ಕಥೆಯಲ್ಲಿ ನಮ್ಮ ಕಡೆಯ ಗಾಂಧಿಪುರಂ ಬಂದರೆ ಗಾಂಧಿಪುರದವರು ಕಥೆ ಬಿಟ್ಟು ಆಳನ್ನು ಹುಡುಕುತ್ತಾರೆ. ದಾರಿ ತೋರಿಸಿದವರು ಮಾವ. "ಎಲ್ಲಾನೂ ಬ್ರಿಟನ್‌ಗೆ ಕಳ್ಸಿಬುಡಿ. ಅಷ್ಟು ದೂರ ಹೋಗಿ ಯಾರೂ ನಿಮ್ ಬಾಗ್ಲು ತಟ್ಟಲ್ಲ" ಎಂದರು. ಹೀಗೆ ಪಕ್ಕದ ಸೂಲೂರು ದಾಟಿ ಹೋಗದವರೂ ಬ್ರಿಟನ್ನಿನ ಕಥೆಗಾರರಾದೆವು.

ಬರೆದದ್ದು ತಮಿಳಿನಲ್ಲಿ, ತಿದ್ದಿದವರು ಮಾವ. ಬ್ಯಾಂಕಿನಲ್ಲಿರುವ ನನ್ನ ಗೆಳತಿಯ ಕಥೆಯಲ್ಲಿ ಮ್ಯಾಂಚೆಸ್ಟರಿನ ಬಸ್ಸಿಗೆ ಹೆಂಗಸರು ಮುಂದಿನ ಬಾಗಿಲಿನಿಂದ, ಗಂಡಸರು ಹಿಂದಿನ ಬಾಗಿಲಿನಿಂದ ಹತ್ತಿದರು; ಕಂಡಕ್ಟರು ಸೀಟಿ ಊದಿದ. ನಾನು ಬರ್ಮಿಂಗ್‌ಹ್ಯಾಮಿನ ಬಾಗಿಲಲ್ಲಿ ಬೆಳಗಾಗುತ್ತಲೇ ನೀರು ಚಿಮುಕಿಸಿ ರಂಗೋಲಿ ಹಾಕಿಸಿದ್ದೆ. ಮಾವ ಉಗುರಿನಿಂದ ಸಾಲಿನ ಕೆಳಗೆ ಗೀರುತ್ತಾ, "ಅಲ್ ಬಾಗ್ಲಿಗೆ ನೀರು ಹಾಕುದ್ರೆ ಪೊಲೀಸ್ ಬರ್ತಾನೆ" ಎಂದು ಹೆದರಿಸಿದರು. ಅದು ನಿಜವೋ ಸುಳ್ಳೋ ನನಗೆ ಈಗಲೂ ಗೊತ್ತಿಲ್ಲ. ರಂಗೋಲಿ ಹೋಯಿತು.

ತಮ್ಮ ಕಥೆಯನ್ನು ಮಾತ್ರ ಅವರು ಕೊಡಲಿಲ್ಲ. ಕೇಳಿದಾಗಲೆಲ್ಲ "ಆಗುತ್ತೆ, ಆಗುತ್ತೆ" ಎನ್ನುತ್ತಿದ್ದರು.

ಆ ನಡುವೆ ಪೋತ್ತನೂರಿನ ಆ ಗೆಳೆಯರು ತೀರಿಕೊಂಡರು. ಮಾವನ ಜೊತೆ ನಾನೂ ಹೋಗಿದ್ದೆ. ಅವರು ಕಂಕುಳಲ್ಲಿ ಒಂದು ಹೊಸ ಪಂಚೆ ಇಟ್ಟುಕೊಂಡಿದ್ದರು, ನಮ್ಮವರ ಮಗ್ಗದಲ್ಲೇ ನೆಯ್ದದ್ದು. ನಮ್ಮ ಕಡೆ ಹೆಣದ ಮೇಲೆ ಹೊಸ ಬಟ್ಟೆ ಹೊದಿಸುವುದಕ್ಕೆ ಕೋಡಿ ಹಾಕುವುದು ಎನ್ನುತ್ತಾರೆ. ಹೂಮಾಲೆ ಯಾರು ಬೇಕಾದರೂ ಹಾಕಬಹುದು. ಕೋಡಿ ಹಾಕಲು ಸಂಬಂಧ ಬೇಕು. ಅದನ್ನು ಮುರೈ ಎನ್ನುತ್ತಾರೆ. ಮಾವ ಪಂಚೆ ಬಿಡಿಸುತ್ತಿದ್ದಂತೆ ಆ ಮನೆಯ ಹಿರಿಯರೊಬ್ಬರು ತಡೆದು, "ನೀಂಗ ಎನ್ನ ಮುರೈ?" ಎಂದು ಕೇಳಿದರು. ನೀವು ಏನಾಗಬೇಕು ಎಂದು. ಕೆಟ್ಟದಾಗಿ ಕೇಳಲಿಲ್ಲ, ಕೇಳಬೇಕಾದದ್ದನ್ನು ಕೇಳಿದರು.

ಮಾವ ಪಂಚೆಯನ್ನು ಮತ್ತೆ ಮಡಚಿಕೊಂಡರು. "ಫ್ರೆಂಡ್" ಎಂದರು.

"ಅಪ್ಪೊ ಮಾಲೈ ಪೋಡುಂಗ", ಹಾಗಾದರೆ ಮಾಲೆ ಹಾಕಿ, ಎಂದು ಅವರು ಒಂದು ಮಾಲೆ ಕೊಟ್ಟರು. ಮಾವ ಮಾಲೆ ಹಾಕಿದರು. ವಾಪಸು ಬರುವಾಗ ಬಸ್ಸಿನಲ್ಲಿ ಪಂಚೆಯನ್ನು ತೊಡೆಯ ಮೇಲೆ ಹರಡಿಕೊಂಡು ಅಂಚಿನಲ್ಲಿ ಎದ್ದ ನೂಲನ್ನು ಉಗುರಿನಿಂದ ಕೀಳುತ್ತಾ ಕೂತಿದ್ದರು. ನಾನು ಆ ಹಿರಿಯರನ್ನು ಬೈದುಕೊಳ್ಳುತ್ತಿದ್ದೆ. ಮಾವ ಬೈಯಲಿಲ್ಲ.

ಅದಾದ ಮೇಲೆ ಬಂದ ಭಾನುವಾರ ನನ್ನನ್ನು ಕೂರಿಸಿಕೊಂಡು ಕಥೆಯನ್ನು ಮನೆಮಾತಿನಲ್ಲಿ, ಕನ್ನಡದಲ್ಲಿ, ಹೇಳಿದರು. ಬ್ರಾಡ್‌ಫರ್ಡಿನ ಇಬ್ಬರು ಗಂಡಸರ ಕಥೆ. ಒಬ್ಬ ಸಾಯುತ್ತಾನೆ. ಇನ್ನೊಬ್ಬ ಕೋಡಿ ಹಾಕಲು ಬಿಳಿ ಪಂಚೆ ಹಿಡಿದು ಬರುತ್ತಾನೆ. ಸತ್ತವನ ಅಣ್ಣ, ಕೋಟು ತೊಟ್ಟ ಬಿಳಿಯ ದೊರೆ, ನೀವು ಏನಾಗಬೇಕು ಎಂದು ಕೇಳುತ್ತಾನೆ. "ನಾನು ಅವರ ಮನೆಯವನು" ಎನ್ನುತ್ತಾನೆ ಇವನು. ದೊರೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತಾನೆ. ಅಷ್ಟೇ ಕಥೆ.

ನಾನು ಅದನ್ನು ತಮಿಳಿಗೆ ತಿರುಗಿಸಿ ಎಲ್ಲರ ಮುಂದೆ ಓದಿದೆ. ಮ್ಯಾಂಚೆಸ್ಟರಿನ ಬಸ್ಸಿನ ಬಗ್ಗೆ ಮಾವನಿಂದ ಸಾಕಷ್ಟು ಅನ್ನಿಸಿಕೊಂಡಿದ್ದ ಗೆಳತಿಗೆ ಕೊನೆಗೂ ಅವರು ಸಿಕ್ಕಿಬಿದ್ದಿದ್ದರು. "ಮಾವಾ, ಬ್ರಿಟನ್ನಲ್ಲಿ ಕೋಡಿ ಎಲ್ಲಿ ಹಾಕ್ತಾರೆ?" ಎಂದು ನಕ್ಕಳು. ಅವಳಿಗೆ ಪೋತ್ತನೂರಿನ ವಿಷಯ ಗೊತ್ತಿರಲಿಲ್ಲ.

"ಹಾಕಲ್ಲ" ಎಂದರು ಮಾವ. "ಅಲ್ಲಾದ್ರೂ ಹಾಕ್ಲಿ ಬುಡು ಕಣ್ಣು."

ಅವಳ ನಗು ನಿಂತುಹೋಯಿತು. ಕಥೆಯಲ್ಲಿ ಕೋಡಿಯ ಸಾಲನ್ನು ಯಾರೂ ತಿದ್ದಲಿಲ್ಲ.

ಪುಸ್ತಕವನ್ನು ನಾವೇ ಅಚ್ಚು ಹಾಕಿಸಿದೆವು. ಎಲ್ಲರದೂ ಕಾವ್ಯನಾಮ. ಅಮ್ಮನಿಗೂ ಒಂದು ಪ್ರತಿ ಕೊಟ್ಟೆ. ನೆಂಟರ ಕಣ್ಣಿಗೆ ಬೀಳದ ಹಾಗೆ ಅದನ್ನು ಬೀರುವಿನಲ್ಲಿ ಸೀರೆಗಳ ಅಡಿಗೆ ಸೇರಿಸಿದರು. ಅದರ ಬಗ್ಗೆ ತುಟಿಪಿಟಕ್ಕೆನ್ನಲಿಲ್ಲ. ಓದಲಿಲ್ಲ ಎಂದೇ ನಾನು ತಿಳಿದಿದ್ದೆ, ನನಗೆ ಬೇಸರವೂ ಆಗಿತ್ತು.

ಮಾವ ಮಧ್ಯಾಹ್ನದ ನಿದ್ದೆಯಲ್ಲೇ ಹೋದರು. ಪುಸ್ತಕದವರೆಲ್ಲ ಬಂದರು, ತಮ್ಮ ಮುರೈ ತಿಳಿದವರ ಹಾಗೆ ಹೂಮಾಲೆ ಹಿಡಿದು ಬಾಗಿಲ ಹೊರಗೇ ನಿಂತರು. ಅಮ್ಮ ಎದ್ದು ಮಾವನ ಬೀರುವಿನಿಂದ ಆ ಪಂಚೆಯನ್ನು ತಂದರು. ಪೋತ್ತನೂರಿನಿಂದ ವಾಪಸು ಬಂದದ್ದು, ಮಾವ ಅದನ್ನು ಒಂದು ದಿನವೂ ಉಟ್ಟಿರಲಿಲ್ಲ. ಅದನ್ನು ಗೆಳತಿಯ ಕೈಗಿಟ್ಟು, "ಎಲ್ರೂ ಒಂದೊಂದ್ ಅಂಚು ಹಿಡ್ಕೊಂಡು ಹಾಕ್ರಿ" ಎಂದರು.

ನಮ್ಮ ದೊಡ್ಡಪ್ಪ ಕುರ್ಚಿಯಿಂದ ಅರ್ಧ ಎದ್ದರು. "ಇವ್ರೆಲ್ಲ ಯಾವ್ ಮುರೈಮ್ಮಾ?"

"ಅವ್ರ ಮನೆಯೋರು" ಎಂದರು ಅಮ್ಮ. "ಹಾಕ್ಲಿ ಬುಡಿ."

ಅಮ್ಮ ಪುಸ್ತಕ ಓದಿದ್ದಾರೆ ಎಂದು ನನಗೆ ಗೊತ್ತಾದದ್ದು ಆಗ. ಮಾವ ಸತ್ತಾಗ ಬಾರದ ಅಳು ಆಗ ಬಂತು.

ಈಗ ಪುಸ್ತಕ ಮತ್ತೆ ಅಚ್ಚಿಗೆ ಹೋಗುತ್ತಿದೆ. ಬ್ರಿಟನ್ನಿನಲ್ಲಿ ಹೆಣಕ್ಕೆ ಕೋಡಿ ಹಾಕುವ ಪದ್ಧತಿ ಇಲ್ಲ, ದಯವಿಟ್ಟು ತಿದ್ದಿಕೊಳ್ಳಿ ಎಂದು ಓದುಗರೊಬ್ಬರು ಹೇಳಿ ಕಳಿಸಿದ್ದಾರೆ. ಅವರು ಹೇಳಿದ್ದು ಸರಿ. ಉಳಿದ ತಪ್ಪುಗಳನ್ನೆಲ್ಲ ತಿದ್ದಿದ್ದೇನೆ, ಅದನ್ನು ಮುಟ್ಟಿಲ್ಲ. ಬ್ರಿಟನ್ನಿನಲ್ಲಿ ಇಲ್ಲದಿದ್ದರೆ ಇಲ್ಲ, ಸಿಂಗಾನಲ್ಲೂರಿನಲ್ಲಿ ಒಮ್ಮೆ ನಡೆದಿದೆ.