ಬಾವಿಗೆ ಸಾಕ್ಷಿ

ಕುದ್ರೋಳಿಯ ನಮ್ಮ ಕಂಪ್ಯೂಟರ್ ಮೇಷ್ಟ್ರು, ಯಾರು ಏನೇ ಹೇಳಲಿ, ಕನ್ನಡಕ ಹಣೆಗೇರಿಸಿ "ಸಾಕ್ಷಿ ಉಂಟಾ?" ಎನ್ನುತ್ತಿದ್ದರು. ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಆ ಪ್ರಶ್ನೆ ಬಹಳ ಹಿಡಿಸಿತ್ತು. ನದಿಯಾಚೆಯ ಬೆಂಗ್ರೆಯಲ್ಲಿ ಈಗ ಅಲೆ ಹೊಡೆಯುವಲ್ಲಿ ಹಿಂದೆ ಸಿಹಿನೀರಿನ ಬಾವಿಯಿತ್ತು ಎಂದು ಅವರು ಹೇಳಿದಾಗ ನಾನೇ ಕೇಳಿದೆ: "ಸಾಕ್ಷಿ ಉಂಟಾ ಸರ್?"

"ಉಂಟು ಮಾರಾಯ!"

ಮೇಷ್ಟ್ರು ಮೀನುಗಾರರ ಮನೆಮನೆಗೆ ಹೋಗಿ ಕೇಳಿ ಬರೆದ ಕಡಲತೀರದ ಚರಿತ್ರೆಯೆಲ್ಲ ಒಂದೇ ಫ್ಲಾಪಿಯಲ್ಲಿತ್ತು. ಅದನ್ನು ಓದುವ ಹಳೆಯ ಕಂಪ್ಯೂಟರನ್ನು ಉಪ್ಪುಗಾಳಿಗೆ ಕೆಡದಂತೆ ಮಳೆಗಾಲವಿಡೀ ದಿನಾ ಚಾಲೂ ಮಾಡಿ ಬೆಚ್ಚಗಿಡುತ್ತಿದ್ದರು. ಕಂಪ್ಯೂಟರೇನೋ ಎದ್ದಿತು. ಫ್ಲಾಪಿಯ ಮುಚ್ಚಳ ಸರಿಸಿದರೆ ಒಳಗೆಲ್ಲ ಬಿಳಿ ಬೂಷ್ಟು. ಯಂತ್ರವನ್ನು ಕಾದವರು ಫ್ಲಾಪಿಯನ್ನು ಮರೆತಿದ್ದರು.

ವಾದ ಗೆದ್ದರೂ ನನಗೆ ಖುಷಿಯಾಗಲಿಲ್ಲ. "ಬಿಡಿ ಸರ್, ನಾನು ನಂಬ್ತೇನೆ" ಎಂದೆ.

"ನಂಬುದೆಂತ? ಸಾಕ್ಷಿ ಇಲ್ಲ ಅಲ್ವಾ?" ಎಂದು ಗದರಿ ಚಪ್ಪಲಿ ಮೆಟ್ಟಿದರು. ನಾನೂ ಹಿಂದೆ ಹೊರಟೆ.

ಬೆಂಗ್ರೆಯಲ್ಲಿ ದೋಣಿ ಇಳಿದು, ಬಲೆ ಸರಿಮಾಡುತ್ತಿದ್ದ ಮುದುಕರೊಬ್ಬರ ಪಕ್ಕ ಕೂತರು. "ಇಲ್ಲಿ ಬಾವಿ ಎಲ್ಲಿತ್ತು ಅಜ್ಜ?"

ಅಜ್ಜ ಅಲೆಗಳತ್ತ ಕೈ ತೋರಿಸಿದರು. ಮೇಷ್ಟ್ರ ಕನ್ನಡಕ ಹಣೆಗೇರಿತು. "ಸಾಕ್ಷಿ ಉಂಟಾ?"

"ಅದರ ನೀರು ಕುಡಿದವ ನಾನುಂಟಲ್ಲ ಮಾರಾಯ!"

"ಒಬ್ಬರ ಸಾಕ್ಷಿ ಆಯ್ತು, ನಡಿ" ಎಂದು ಮೇಷ್ಟ್ರು ನನ್ನನ್ನು ಎಬ್ಬಿಸಿ ಪಕ್ಕದ ಮನೆಯ ಬಾಗಿಲು ತಟ್ಟಿದರು.